ಮಾರದ ಬಲೆಗೆ ಹಸಿರು ಮುದ್ರೆ

ನಾನು ಯಾವ ನೌಕರಿ ಮಾಡುತ್ತೇನೆಂದು ನಮ್ಮ ಅತ್ತೆಗೆ ತಿಳಿಸಿ ಹೇಳಲು ನನ್ನಿಂದ ಒಮ್ಮೆಯೂ ಆಗಲಿಲ್ಲ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಯಾರಾದರೂ ಬಂದು ಸೊಸೆ ಎಲ್ಲಿ ಎಂದು ಕೇಳಿದರೆ, "ಅವ್ಳಾ? ಸಾಮಾನಿಗೆ ಠಸೆ ಹೊಡೀಲಿಕ್ಕೆ ಹೋಗಿದಾಳೆ" ಎನ್ನುತ್ತಿದ್ದರು. ಬಂದವರು ನಾನು ಅಂಚೆ ಕಚೇರಿಯಲ್ಲಿದ್ದೇನೆ ಎಂದುಕೊಂಡು ಹೋಗುತ್ತಿದ್ದರು.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಮೇಡಂ, ನಿಯಮದ ಪುಸ್ತಕ ಓದಿ ಆಯ್ತು. ಅಲ್ಲಿ ಹೋದಾಗ ನಿಜವಾಗಿ ಏನಾಗ್ತದೆ ಅದನ್ನ ಹೇಳಿ" ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬ ಪುರಾಣವನ್ನು ಬಿಟ್ಟುಬಿಡುತ್ತೇನೆ. ಅದನ್ನು ಓದಿ ಯಾರೂ ಏನೂ ಕಲಿತದ್ದಿಲ್ಲ.

ಠಸೆ ಎಂಬ ಅತ್ತೆಯ ಮಾತು ತಪ್ಪೇನಲ್ಲ. ಸಾಬೂನು, ಕಾಗದ, ಬಣ್ಣದ ಡಬ್ಬಿ, ಕೈಚೀಲಗಳ ಮೇಲೆ, ಕೆಲವು ಹೋಟೆಲುಗಳ ಬಾಗಿಲಿನಲ್ಲಿ ಕಾಣುವ ಹಸಿರು ಮುದ್ರೆಯೇ ನಮ್ಮ ದುಡಿಮೆಯ ಕೊನೆಯ ಫಲ. ಆದರೆ ಹಸಿರಾಗಿ ಕಂಡದ್ದೆಲ್ಲ ಅಂಥ ಮುದ್ರೆಯಲ್ಲ. ತಯಾರಿಸಿದವರೇ ಒಂದು ಎಲೆಯ ಚಿತ್ರ ಬಿಡಿಸಿ 'ಪರಿಸರಸ್ನೇಹಿ' ಎಂದು ಬರೆದುಕೊಂಡರೆ ಅದು ತಾಯಿ ತನ್ನ ಮಗನನ್ನು ಹೊಗಳಿದ ಹಾಗೆ. ಸುಳ್ಳೇ ಆಗಿರಬೇಕೆಂದಿಲ್ಲ. ಆದರೂ ಹೆಣ್ಣು ಕೊಡುವವರು ಅಷ್ಟಕ್ಕೇ ಒಪ್ಪುವುದಿಲ್ಲ, ನಾಲ್ಕು ಕಡೆ ವಿಚಾರಿಸುತ್ತಾರೆ. ಹಾಗೆ ವಿಚಾರಿಸುವವರು ನಾವು.

ವಸ್ತು ಯಾವುದರಿಂದ ಹುಟ್ಟಿತು, ಅದನ್ನು ಮಾಡುವಾಗ ಎಷ್ಟು ನೀರು ಮತ್ತು ಕರೆಂಟು ಹೋಯಿತು, ಹೊಲಸು ನೀರು ಎಲ್ಲಿಗೆ ಹರಿಯಿತು, ಬಳಸಿ ಬಿಸಾಡಿದ ಮೇಲೆ ಅದು ಏನಾಗುತ್ತದೆ, ಇಷ್ಟನ್ನೂ ನೋಡಬೇಕು. ನಿಯಮ ಬರೆಯುವವರು ಬೇರೆ, ಜಾಗಕ್ಕೆ ಹೋಗಿ ನೋಡುವ ನನ್ನಂಥವರು ಬೇರೆ, ನಮ್ಮ ವರದಿ ಓದಿ ಮುದ್ರೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಬೇರೆ. ಮುದ್ರೆ ಸಿಕ್ಕಿತೆಂದು ಯಾರೂ ಕಾಲು ಚಾಚಿ ಮಲಗುವ ಹಾಗಿಲ್ಲ. ವರ್ಷ ವರ್ಷವೂ ಮತ್ತೆ ಹೋಗುತ್ತೇವೆ. ಅವಧಿ ಮುಗಿದರೆ ಮೊದಲಿನಿಂದ ಶುರು.

ಇದನ್ನೆಲ್ಲ ನಾನು ಮೊದಲ ಬಾರಿ ಬಾಯಿಬಿಟ್ಟು ವಿವರಿಸಬೇಕಾದದ್ದು ಕಾರವಾರದ ಕಡಲ ದಂಡೆಗೆ ಹತ್ತಿರದ ಒಂದು ಲಾಡ್ಜಿನ ಮಾಲೀಕರಿಗೆ. ಅವರನ್ನು ಪಾಂಡುರಂಗ ಎಂದು ಕರೆಯೋಣ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ನಾನು ಒಳಗೆ ಕಾಲಿಡುತ್ತಲೇ, "ಅರೇ ಬಾಯಿ, ಮೊದ್ಲು ಊಟ, ಆಮೇಲೆ ಆಡಿಟ್ಟು. ಇವತ್ತು ಇಸವಣ ಮೀನು ಬಂದದೆ, ತವಾ ಫ್ರೈ ಮಾಡೂಕೆ ಹೇಳಿದೀನಿ" ಎಂದರು.

ಅರ್ಜಿ ಹಾಕಿದವರ ಮನೆಯಲ್ಲಿ ಉಣ್ಣಬಾರದು ಎಂಬುದು ನಮ್ಮ ಮೊದಲ ಪಾಠ. ನಾನು ಮನೆಯಿಂದ ತಂದ ಅವಲಕ್ಕಿಯ ಡಬ್ಬಿ ತೆಗೆದು ಅವರ ರಿಸೆಪ್ಶನ್ನಿನ ಸೋಫಾದ ಮೇಲೆ ಕೂತು ತಿಂದೆ. ಒಳಗಿನಿಂದ ಇಸವಣದ ಪರಿಮಳ. ಕಾರವಾರದವಳಾಗಿ ಅಂಥ ಶಿಕ್ಷೆ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಪಾಂಡುರಂಗ ನನ್ನನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು.

ಅವರ ಕೋಣೆಗಳಲ್ಲೆಲ್ಲ 'ಟವೆಲು ಉಳಿಸಿ, ಭೂಮಿ ಉಳಿಸಿ' ಎಂಬ ಚೆಂದದ ಕಾರ್ಡು ತೂಗುತ್ತಿತ್ತು. ಮೇಲೆ ಹೋಗಿ ನೋಡಿದರೆ ತಾರಸಿಯ ಟ್ಯಾಂಕು ತುಂಬಿ ಉಕ್ಕಿ, ನೀರು ಗೋಡೆಗುಂಟ ಇಳಿದು ಗಟಾರ ಸೇರುತ್ತಿತ್ತು.

"ಇದೇನು?" ಎಂದೆ.

"ಅದು ಹೆಚ್ಚಾದ ನೀರು ಬಾಯಿ. ಬೇಕಾದ ನೀರಲ್ಲ."

"ಹೆಚ್ಚಾದ ನೀರನ್ನೂ ಪಂಪೇ ಎತ್ತಿದ್ದಲ್ಲವೇ? ಹೀಗಿದ್ದರೆ ಮುದ್ರೆ ಸಿಗುವುದು ಕಷ್ಟ."

"ಫೀ ಕಟ್ಟಿದವ ನಾನು. ಹಾಂಗಾರೆ ಠಸೆ ನಂದೇ ಅಲ್ವಾ?"

"ಫೀ ನೋಡುವುದಕ್ಕೆ. ಒಪ್ಪಿದರೂ ಅಷ್ಟೇ, ಒಪ್ಪದಿದ್ದರೂ ಅಷ್ಟೇ. ಡಾಕ್ಟರಿಗೆ ಫೀ ಕೊಟ್ಟ ಮಾತ್ರಕ್ಕೆ ಜ್ವರ ಇಲ್ಲ ಅಂತ ಬರೆದುಕೊಡುತ್ತಾರೆಯೇ?"

ಪಾಂಡುರಂಗ ಗಂಭೀರವಾಗಿ ಹೇಳಿದರು: "ನಮ್ಮ ಡಾಕ್ಟ್ರು ಬರೆದುಕೊಡ್ತಾರೆ."

ಆ ಸಲ ಅವರು ಪಾಸಾಗಲಿಲ್ಲ. ಮುಂದಿನ ಸಲಕ್ಕೆ ಟ್ಯಾಂಕಿಗೆ ತಾನಾಗಿ ನೀರು ನಿಲ್ಲಿಸುವ ಬಾಲ್ ಕಾಕ್ ಬಂದಿತ್ತು. ಸ್ನಾನದ ನೀರು ಸೋಸಿ ಹಿತ್ತಲ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಮುದ್ರೆ ಸಿಕ್ಕ ಮೇಲೆ ಬೇರೆ ಲಾಡ್ಜಿನವರನ್ನು ಕರೆದು ಟ್ಯಾಂಕು ತೋರಿಸಿ ಭಾಷಣ ಮಾಡತೊಡಗಿದರು. ಅವರ ಭಾಷಣ ನನ್ನದಕ್ಕಿಂತ ಚೆನ್ನಾಗಿತ್ತು.

ನನ್ನ ಮೇಲಧಿಕಾರಿ ದೇಶಪಾಂಡೆ ಸರ್ ಧಾರವಾಡದವರು, ಕೂರುತ್ತಿದ್ದದ್ದು ಹುಬ್ಬಳ್ಳಿಯ ಕಚೇರಿಯಲ್ಲಿ. ಅಚ್ಚುಕಟ್ಟಾದ ಬಿಳಿ ಅಂಗಿ, ಜೇಬಿನಲ್ಲಿ ಕರ್ಪೂರ ಸುತ್ತಿದ ಕರವಸ್ತ್ರ. ಕರಾವಳಿಯ ಗಾಳಿಯಲ್ಲಿ ಒಣಮೀನು ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ ಅರಬೈಲು ಘಟ್ಟ ಇಳಿಯುವಾಗಲೇ ಅದನ್ನು ಮೂಗಿಗೆ ಹಿಡಿಯುತ್ತಿದ್ದರು. ನಿಯಮದ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಡುವವರಲ್ಲ. ಆದರೆ ನನ್ನ ಎಡವಟ್ಟುಗಳಿಗೆ ಅವರಷ್ಟು ನಕ್ಕವರೂ ಇಲ್ಲ.

ಒಂದು ಎಡವಟ್ಟನ್ನಂತೂ ಹೇಳಲೇಬೇಕು. ಬಿಣಗಾದ ಹೆದ್ದಾರಿ ಪಕ್ಕ ಬಟ್ಟೆ ಒಗೆಯುವ ಪುಡಿ ಮಾಡುವ ಸಣ್ಣ ಘಟಕವೊಂದು ಅರ್ಜಿ ಹಾಕಿತ್ತು. ಮುನ್ಸೂಚನೆ ಕೊಡದೆ ಹೋಗಿ ನೋಡುವ ಸರದಿ ನನ್ನದು. ಗೇಟು ತೆರೆದಿತ್ತು, ಹೋದೆ. ಗುರುತಿನ ಚೀಟಿ ತೋರಿಸಿದೆ. ಮಾಲೀಕರು ಎದ್ದು ನಿಂತು ಕೈ ಮುಗಿದರು. ನೀರು ಎಲ್ಲಿಂದ, ಹೊಗೆ ಎಲ್ಲಿಗೆ, ಕಸ ಏನು ಮಾಡುತ್ತೀರಿ ಎಂದು ಒಂದೊಂದೇ ಕೇಳಿದೆ. ಪಾಪ, ಎಲ್ಲದಕ್ಕೂ ಉತ್ತರ ಕೊಟ್ಟರು. ಕೊನೆಗೆ ನಾನು, "ಪುಡಿ ಎಲ್ಲಿ ಬೆರೆಸುತ್ತೀರಿ?" ಎಂದೆ.

"ಯಾವ ಪುಡಿ ಮೇಡಂ? ನಮ್ಮದು ಗೇರುಬೀಜ."

ಪುಡಿಯ ಘಟಕ ಪಕ್ಕದ ಗೇಟಿನಲ್ಲಿತ್ತು. ನಾನು ಕ್ಷಮೆ ಕೇಳಿದೆ. ಆ ಮನುಷ್ಯ ಮಾತ್ರ ಸರಕಾರದವರೇ ವೇಷ ಮರೆಸಿ ಬಂದಿದ್ದರೆಂದು ನಂಬಿ, ವಾರದೊಳಗೆ ಗಟಾರ ತೆಗೆಸಿ, ಹೊಗೆ ಕೊಳವೆ ಎತ್ತರಿಸಿ, ಅಂಗಳದಲ್ಲಿ ಗಿಡ ನೆಟ್ಟರು. ಸುದ್ದಿ ಕೇಳಿದ ದೇಶಪಾಂಡೆ ಸರ್ ಮೇಜು ಬಡಿದು ನಕ್ಕರು. "ಏನ್ರೀ ಮಾಲಿನಿ, ಅರ್ಜಿ ಹಾಕಲಾರದವರೂ ಸುಧಾರಿಸ್ಯಾರಲ್ರೀ! ಇನ್ನ ಮ್ಯಾಲೆ ವರ್ಷಕ್ಕೊಮ್ಮೆ ತಪ್ಪು ಗೇಟಿನ್ಯಾಗ ಹೋಗ್ರಿ!"

ಇಷ್ಟು ಹೇಳಿ ಈಗ ಕೇಣಿಯ ವಿಷಯಕ್ಕೆ ಬರುತ್ತೇನೆ. ನನ್ನ ಇಡೀ ನೌಕರಿಯಲ್ಲಿ ನಾನು ಅತ್ತದ್ದೂ ನಕ್ಕದ್ದೂ ಹೆಚ್ಚು ಅಲ್ಲೇ.

ಕೇಣಿ ಅಂಕೋಲೆಗೆ ಅಂಟಿಕೊಂಡ ಮೀನುಗಾರರ ಊರು. ಅಲ್ಲಿ ಸುಗಂಧಾ ಎಂಬ ಹೆಂಗಸು ಮೊದಲು ಅಂಕೋಲೆ ಪೇಟೆಗೆ ಮೀನಿನ ಬುಟ್ಟಿ ಹೊತ್ತು ಮಾರುತ್ತಿದ್ದಳು. ಆಮೇಲೆ ಕೇರಿಯ ಹೆಂಗಸರನ್ನು ಸೇರಿಸಿಕೊಂಡು, ಮುಚ್ಚಿಹೋಗಿದ್ದ ಹಳೆಯ ಬರ್ಫದ ಕಾರ್ಖಾನೆಯೊಂದನ್ನು ಬಾಡಿಗೆಗೆ ಹಿಡಿದು, ಹರಿದ ಮೀನು ಬಲೆಗಳಿಂದ ಚಾಪೆ, ಸಂತೆ ಚೀಲ, ಪಾತ್ರೆ ತಿಕ್ಕುವ ಜಾಲಿ ಮಾಡತೊಡಗಿದಳು. ಬಲೆಯ ನೈಲಾನು ಮಣ್ಣಿನಲ್ಲಿ ಕರಗುವುದಿಲ್ಲ, ಸಮುದ್ರದಲ್ಲಿ ಬಿಟ್ಟರೆ ಯಾರೂ ಎಳೆಯದಿದ್ದರೂ ಮೀನು, ಆಮೆಗಳನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಅದರಿಂದ ಚಾಪೆಯಾದರೆ ಒಳ್ಳೆಯದೇ. ಗೋವೆಯ ಹೋಟೆಲಿನವರೊಬ್ಬರು ಆ ಚಾಪೆ ನೋಡಿ ಮೆಚ್ಚಿ, ತಮ್ಮ ಎಲ್ಲ ಕೋಣೆಗಳಿಗೂ ಬೇಕೆಂದರು. ಆದರೆ ಒಂದು ಷರತ್ತು: ಅದು ಹಳೆಯ ಬಲೆಯದ್ದೇ ಎಂದು ಹೊರಗಿನವರು ಪರೀಕ್ಷಿಸಿ ಕೊಟ್ಟ ಮುದ್ರೆ ಇರಬೇಕು. ಆ ಗಿರಾಕಿ ಕೈಗೆ ಬಂದರೆ ಅಷ್ಟೂ ಹೆಂಗಸರಿಗೆ ವರ್ಷವಿಡೀ ಕೆಲಸ. ಇಲ್ಲದಿದ್ದರೆ ಬಾಡಿಗೆ ಕಟ್ಟಲಾಗದೆ ಬಾಗಿಲು ಮುಚ್ಚಬೇಕು. ಹೀಗೆ ಸುಗಂಧಾಳ ಅರ್ಜಿ ನನ್ನ ಮೇಜಿಗೆ ಬಂತು.

ಇಂಥ ಅರ್ಜಿಯಲ್ಲಿ ಮುಖ್ಯವಾದದ್ದು ತೂಕದ ತಾಳೆ. ಒಳಗೆ ಬಂದ ಹಳೆಯ ಬಲೆ ಎಷ್ಟು, ತೊಳೆದು ಆರಿಸುವಾಗ ಹೋದ ಮರಳು, ಹಗ್ಗ, ತುಂಡು ಎಷ್ಟು, ಹೊರಗೆ ಹೋದ ಚಾಪೆ, ಚೀಲ ಎಷ್ಟು ಎಂದು ನೋಡುತ್ತೇವೆ. ಹೊರಗೆ ಹೋದದ್ದು ಯಾವಾಗಲೂ ಕಡಿಮೆ ಇರಬೇಕು. ಸುಗಂಧಾಳಲ್ಲಿ ಹೆಚ್ಚಿತ್ತು. ಸ್ವಲ್ಪ ಅಲ್ಲ, ಬಹಳವೇ ಹೆಚ್ಚು. ಬೈತಖೋಲದ ಬಂದರಿನ ಹಳೆಯ ಬಲೆಗಳನ್ನು ಗುಜರಿಯವನಿಂದ ಕೊಂಡ ರಸೀದಿಗಳು ಒಂದಿಷ್ಟಿದ್ದವು. ಉಳಿದ ನೈಲಾನು ಎಲ್ಲಿಂದ ಬಂತು? ಹೊಸ ನೂಲು ಕೊಂಡು ಸೇರಿಸುತ್ತಿದ್ದಾರೆಯೇ? ಯಾರಿಗಾದರೂ ಮೊದಲು ಬರುವ ಅನುಮಾನ ಅದೇ.

"ಮಂದಿ ಕೊಡ್ತಾರೆ ಅಕ್ಕೋರೆ" ಎಂದಳು ಸುಗಂಧಾ.

"ಯಾವ ಮಂದಿ?"

"ಯಾರ್ಯಾರೋ. ಬೆಳಗಾ ಮುಂಚೆ ಬಂದ್ರೆ ಬೇಲಿ ಒಳಗೆ ಬಿದ್ದಿರ್ತದೆ. ನಾ ಯಾರ್ನ ಕೇಳ್ಲಿ?"

"ಬೆಲೆ ಬಾಳುವ ವಸ್ತು. ಗುಜರಿಯವನು ತೂಕಕ್ಕೆ ದುಡ್ಡು ಕೊಡುತ್ತಾನೆ. ಯಾರು ಸುಮ್ಮನೆ ಎಸೆದು ಹೋಗುತ್ತಾರೆ?"

ಅವಳು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ಸುತ್ತ ನೇಯುತ್ತಿದ್ದ ಹೆಂಗಸರ ಕೈಗಳೂ ನಿಂತವು. "ನೀವು ನಮ್ಮೂರ ಬದಿಯವ್ರು. ನಾ ಸುಳ್ಳು ಹೇಳ್ತೆ ಅಂತ ನಿಮ್ಗೆ ಅನ್ಸ್ತದಾ?"

ನನ್ನ ತವರು ಅಂಕೋಲೆ. ಅಪ್ಪ ಕದ್ರಾದ ವಿದ್ಯುದಾಗಾರದಲ್ಲಿದ್ದರಿಂದ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಾದರೂ, ಈ ಮಾತಿನ ಧಾಟಿ ಕೇಳಿದರೆ ನನಗೆ ಇವತ್ತಿಗೂ ಅಜ್ಜಿಯ ಮನೆ ನೆನಪಾಗುತ್ತದೆ. ಆದರೂ ಹೇಳಿದೆ: "ನನಗೆ ಅನಿಸುವುದು ಇಲ್ಲಿ ಲೆಕ್ಕಕ್ಕಿಲ್ಲ ಸುಗಂಧಾ. ಗೋವೆಯಲ್ಲಿ ಆ ಚಾಪೆಯ ಮೇಲೆ ಕಾಲಿಡುವವರಿಗೆ ನೀನು ಯಾರೋ, ನಾನು ಯಾರೋ. ನಿನ್ನನ್ನು ಕಾಣದವರೂ ನಿನ್ನ ಮಾತು ನಂಬಬೇಕೆಂದೇ ಈ ಮುದ್ರೆ."

"ಹಾಂಗಾರೆ ಬರ್ಕಳಿ. ಸುಗಂಧಾ ಕಳ್ಳಿ ಅಂತ ಬರ್ಕಳಿ."

ನಾನು ಹಾಗೆ ಬರೆಯಲಿಲ್ಲ. 'ಮೂಲ ದೃಢಪಟ್ಟಿಲ್ಲ' ಎಂದು ಬರೆದೆ. ಅವಳ ಪಾಲಿಗೆ ಎರಡೂ ಒಂದೇ. ಹಿಂತಿರುಗುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತು ಕಾರವಾರ ಬರುವವರೆಗೂ ಕಣ್ಣೊರೆಸಿಕೊಂಡೆ. ಅವಳು ಸುಳ್ಳಿ ಎಂದು ನನಗೆ ಒಂದು ಕ್ಷಣವೂ ಅನಿಸಿರಲಿಲ್ಲ. ಅನಿಸದೆ ಇದ್ದದ್ದೇ ಸಂಕಟ.

ದೇಶಪಾಂಡೆ ಸರ್‌ಗೆ ಎಲ್ಲ ಹೇಳಿದೆ. ನನ್ನ ಊರು ಅದೇ ಬದಿಯದು, ಆದರೆ ಅವಳು ನನಗೆ ಸಂಬಂಧಿಯಲ್ಲ ಎಂದು ಅರ್ಜಿ ಬಂದ ದಿನವೇ ಬರೆದುಕೊಟ್ಟಿದ್ದೆ. ಅವರು, "ನಿಮ್ಮ ಮನಸು ಆಕೀ ಕಡೆ ವಾಲೇದ. ಹಂಗಂತ ನೀವು ವರದಿ ವಾಲಿಸಿಲ್ಲ. ಛಲೋ ಆತು. ಆದ್ರ ಈ ಸಲ ಇನ್ನೊಂದು ಜೋಡಿ ಕಣ್ಣು ಇರಲಿ. ನಾನೂ ಬರ್ತೀನಿ" ಎಂದರು. ಮೀನಿನ ಊರಿಗೆ ತಾವಾಗಿ ಹೊರಟ ಅವರನ್ನು ಕಂಡು ಕಚೇರಿಯವರೆಲ್ಲ ಬಾಗಿಲಿಗೆ ಬಂದು ಬೀಳ್ಕೊಟ್ಟರು.

ಹೇಳದೆ ಕೇಳದೆ ಹೋದೆವು. ಬರ್ಫದ ಕಾರ್ಖಾನೆಯ ಎದುರಿಗೇ ಒಂದು ಚಹಾದಂಗಡಿ. ಆಗಷ್ಟೇ ಬೆಳಕು ಹರಿದು ದೋಣಿಗಳು ಹೊಳೆಯ ಬಾಯಿಯೊಳಗೆ ಬರುತ್ತಿದ್ದವು. ಹೆಂಗಸರು ಬುಟ್ಟಿ ಹಿಡಿದು ದಂಡೆಯಲ್ಲಿ ನಿಂತು ಕೂಗುತ್ತಿದ್ದರು. ಸರ್ ಕರವಸ್ತ್ರ ಮೂಗಿಗೊತ್ತಿಕೊಂಡು ಇನ್ನೊಂದು ಕೈಯಲ್ಲಿ ಚಹಾ ಹಿಡಿದಿದ್ದರು. ಹೀಗೆ ಚಹಾ ಕುಡಿಯುವುದು ಹೇಗೆಂದು ಅವರಿಗೇ ತಿಳಿಯದೆ ಅದು ಆರಿಹೋಗಿತ್ತು.

ಅಷ್ಟರಲ್ಲಿ ಒಂದು ದೋಣಿಯ ತಾಂಡೇಲ, ಅಂದರೆ ದೋಣಿಯವರ ಮುಖಂಡ, ಹೆಗಲ ಮೇಲೆ ಹರಿದ ಬಲೆಯ ಗಂಟು ಹೊತ್ತು ಬಂದ. ಸುಗಂಧಾಳ ಬೇಲಿಯ ಹತ್ತಿರ ನಿಂತು, ಬಲೆಯನ್ನು ಹೆಗಲಿಂದ ಇಳಿಸಿ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಬೀಸಿ ಒಳಗೆ ಎಸೆದು, ಏನೂ ಆಗದವನಂತೆ ನಾವು ಕೂತಿದ್ದ ಅಂಗಡಿಗೇ ಬಂದು ಚಹಾ ಹೇಳಿದ. ಅವನ ಹಿಂದೆಯೇ ಇನ್ನೊಬ್ಬ ಬಂದ. ಆಮೇಲೆ ಮುದುಕನೊಬ್ಬ ತುಂಡು ಬಲೆಯನ್ನು ತಲೆಗೆ ಸುತ್ತಿಕೊಂಡೇ ಬಂದು, ಬಿಚ್ಚಿ ಒಳಗೆ ಹಾಕಿ ಹೋದ.

ದೇಶಪಾಂಡೆ ಸರ್ ಕೈಯಿಂದ ಕರವಸ್ತ್ರ ಜಾರಿತ್ತು. "ಮಾಲಿನಿ, ಏನಿದು? ಹರಕಿ ಒಪ್ಪಿಸಿದಂಗ ಒಗದು ಹೊಂಟಾರಲ್ರೀ!"

ನಾನು ತಾಂಡೇಲನ ಕಡೆ ತಿರುಗಿದೆ. ಅವನ ಹೆಸರು ಗಣಪತಿ. ನಾವು ಯಾರೆಂದು ಹೇಳಿ ಕೇಳಿದೆ: "ಗುಜರಿಯವನಿಗೆ ಕೊಟ್ಟರೆ ದುಡ್ಡು ಬರುತ್ತದಲ್ಲ, ಇಲ್ಲಿ ಯಾಕೆ ಸುಮ್ಮನೆ ಹಾಕಿದಿರಿ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅನ್ನ ಕೊಟ್ಟ ಬಲೆ ಮಾರೂದು ಹ್ಯಾಂಗ್ರಾ? ನಮ್ಮಪ್ಪ ಮಾರ್ಲಿಲ್ಲ, ನಾ ಮಾರೂದಿಲ್ಲ. ಮೊದ್ಲು ದಂಡೆ ಮೇಲೆ ಸುಡ್ತಿದ್ವು, ಹೊಗೆ ಅಂದ್ರೆ ಹೊಗೆ. ಸಮುದ್ರಕ್ಕೇ ಬಿಟ್ರೆ ತಿರುಗಿ ನಮ್ಮದೇ ದೋಣಿ ಪಂಖಕ್ಕೆ ಸುತ್ಕಳ್ತದೆ. ಈಗ ಸುಗಂಧಕ್ಕನ ಬೇಲಿ ಅದೆ. ಅವ್ಳು ಅದ್ನ ಹಾಳ್ ಮಾಡೂದಿಲ್ಲ, ಚಾಪೆ ಮಾಡ್ತಾಳೆ. ಬಲೆಗೂ ಒಂದು ಗತಿ ಆಯ್ತು."

"ಅವಳಿಗೆ ಒಂದು ಮಾತು ಹೇಳಬಾರದೇ?"

"ಕೊಟ್ಟದ್ದು ಹೇಳ್ಕಂಡು ತಿರುಗೂದಾ?" ಎಂದು ಅವನು ನಕ್ಕ.

ನನಗೆ ಎದ್ದು ಕುಣಿಯಬೇಕೆನಿಸಿತು. ಅಷ್ಟರಲ್ಲಿ ಬೀಗದ ಕೈ ಹಿಡಿದು ಬಂದ ಸುಗಂಧಾ ನಮ್ಮನ್ನು ನೋಡಿ ದಾರಿಯಲ್ಲೇ ನಿಂತಳು. ಮುಖ ಬಿಗಿದಿತ್ತು. ದೇಶಪಾಂಡೆ ಸರ್ ತಾವೇ ಎದ್ದು ಹೋದರು. "ತಂಗೀ, ನೀ ಹೇಳಿದ್ದು ಖರೇ ಅದ. ನಾನು ಕಣ್ಣಾರೆ ನೋಡೀನಿ" ಎಂದರು. ಸುಗಂಧಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಅಳುತ್ತಿದ್ದಾಳೆ ಎಂದುಕೊಂಡೆ. ಸೆರಗು ತೆಗೆದಾಗ ಅವಳು ನಗುತ್ತಿದ್ದಳು. "ನಾ ಹೇಳಿದ್ನಲ್ಲ ಅಕ್ಕೋರೆ, ಮಂದಿ ಕೊಡ್ತಾರೆ ಅಂತ!"

"ಆದ್ರ ತಂಗೀ" ಎಂದು ಸರ್ ಮುಂದುವರಿಸಿದರು. "ಖರೇ ಇರೂದು ಬ್ಯಾರೆ, ಖರೇ ಅಂತ ತೋರಸೂದು ಬ್ಯಾರೆ. ನಾವು ನೋಡಿದ್ದು ಇವತ್ತೊಂದು ದಿನ. ಉಳಿದ ದಿನದ್ದು ಯಾರು ಹೇಳಬೇಕು?"

ಆವತ್ತೇ ಕಾರ್ಖಾನೆಯೊಳಗೆ ಎಲ್ಲರೂ ಸೇರಿದರು. ಹೆಂಗಸರು ಒಂದು ಕಡೆ, ದೋಣಿಯವರು ಇನ್ನೊಂದು ಕಡೆ. ಬಲೆ ಕೊಟ್ಟವರು ತೂಕ ಬರೆಸಿ ಸಹಿ ಹಾಕಿದರೆ ಮುಗಿಯಿತಲ್ಲ ಎಂದು ಸುಗಂಧಾ ಅಂದಳು. ಗಣಪತಿ ತಲೆ ಅಡ್ಡ ಆಡಿಸಿದ. "ಸಹಿ ಮಾಡಿದ್ರೆ ಅದು ಮಾರಿದ ಹಾಂಗೇ ಆಯ್ತಲ್ಲ. ನಾ ಮಾಡೂದಿಲ್ಲ." ಅವನು ಮಾಡದಿದ್ದರೆ ಉಳಿದವರೂ ಮಾಡುವುದಿಲ್ಲ. ಮಾತು ಅಲ್ಲಿಗೇ ನಿಂತಿತು.

ಹೊಸಬರು ಇಲ್ಲಿ ಒಂದು ವಿಷಯ ಗಮನಿಸಬೇಕು. ನನಗೆ ದಾರಿ ಹೊಳೆದಿತ್ತು. ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಏನು ಕೊರತೆ ಎಂದು ನಾವು ಹೇಳಬಹುದು, ಅದನ್ನು ಹೀಗೆ ತುಂಬಿ ಎಂದು ಹೇಳಬಾರದು. ಹೇಳಿದರೆ ನಾಳೆ ನಮ್ಮ ಬುದ್ಧಿಯನ್ನು ನಾವೇ ಪರೀಕ್ಷೆ ಮಾಡಿದ ಹಾಗಾಗುತ್ತದೆ. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಸರ್ ಮಾಡಿನ ಹೆಂಚು ನೋಡುತ್ತಿದ್ದರು. ಅವರಿಗೂ ಹೊಳೆದಿತ್ತು ಎಂದು ಆಮೇಲೆ ತಿಳಿಯಿತು.

ಕೊನೆಗೆ ಸುಗಂಧಾಳೇ ಎದ್ದಳು. "ಸಹಿ ಬ್ಯಾಡ ಗಣಪತಣ್ಣ. ಫೋಟೋ ಆಗ್ತದಾ? ತೂಕದ ಕೊಕ್ಕೆಗೆ ಬಲೆ ಸಿಕ್ಕಿಸಿ, ನೀ ಬದಿಗೆ ನಿಂತ್ಕಂಡ್ರೆ, ನಾ ಮೊಬೈಲಲ್ಲಿ ತೆಗೀತೆ. ದೋಣಿ ಹೆಸ್ರು ಒಂದು ಹಲಗೆ ಮೇಲೆ ಬರೆದಿಡುವ."

ಗಣಪತಿ ಗಡ್ಡ ಕೆರೆದುಕೊಂಡ. "ಫೋಟೋ ಆದ್ರೆ ಅಡ್ಡಿಲ್ಲ. ಸಹಿ ಅಂದ್ರೆ ವ್ಯವಹಾರ. ಫೋಟೋ ಅಂದ್ರೆ ಮರ್ಯಾದೆ."

"ಇದು ನಡೀತದಾ ಸಾಹೇಬ್ರೆ?" ಎಂದು ಅವಳು ಕೇಳಿದಳು.

"ನಾವೇನೂ ಹೇಳೂದಿಲ್ಲ. ನೀವು ಮಾಡ್ರಿ, ನಾವು ಬಂದು ನೋಡ್ತೀವಿ" ಎಂದರು ಸರ್. ಆದರೆ ಅವರ ಮೀಸೆಯ ಕೆಳಗೆ ನಗು ಅಡಗಿರಲಿಲ್ಲ.

ಮುಂದಿನ ಸಲ ನಾವು ಹೋದಾಗ ಕೇಣಿಯಲ್ಲಿ ಮದುವೆ ಮನೆಯ ಸಡಗರ. ಹಿಂದೆ ಬರ್ಫದ ಗಡ್ಡೆ ತೂಗಲು ಹಾಕಿದ್ದ ಕೊಕ್ಕೆಯನ್ನೇ ತಿಕ್ಕಿ, ಕಾಟಾ ಸರಿಮಾಡಿಸಿ ಗೇಟಿನ ಹತ್ತಿರ ತೂಗುಹಾಕಿದ್ದರು. ಫೋಟೋ ಎಂದರೆ ಸುಮ್ಮನೆಯೇ? ಮೀನು ಇಳಿಸಿದ ಮೇಲೆ ಗಂಡಸರು ಮನೆಗೆ ಹೋಗಿ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿಕೊಂಡು ಬಲೆ ತರುತ್ತಿದ್ದರು. ತಲೆಗೆ ಬಲೆ ಸುತ್ತಿಕೊಂಡು ಬಂದಿದ್ದ ಆ ಮುದುಕನಂತೂ ತನ್ನ ಚಿತ್ರ ನೋಡಿ, "ನನ್ನ ಮೋರೆ ಬಂದದೆ, ಬಲೆ ಬಂದಿಲ್ಲ. ಇನ್ನೊಂದು ತೆಗಿ" ಎಂದು ಹಟ ಹಿಡಿದಿದ್ದ. ಇನ್ನೊಂದು ತೆಗೆದರೆ, "ಈಗ ಬಲೆ ಬಂದದೆ, ಮೋರೆ ಬಂದಿಲ್ಲ" ಎಂದ.

ತೂಕ ತಾಳೆಯಾಯಿತು. ಒಳಗೆ ಬಂದದ್ದು, ಮರಳು ಹಗ್ಗವಾಗಿ ಹೋದದ್ದು, ಚಾಪೆಯಾಗಿ ಹೊರಟದ್ದು, ಮೂರೂ ಒಂದಕ್ಕೊಂದು ಕೈ ಹಿಡಿದು ನಿಂತವು. ಚಾಪೆಯ ಎಳೆಗಳನ್ನು ನಾವೇ ಆರಿಸಿ, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದೆವು. ಬಿಸಿಲು ಮತ್ತು ಉಪ್ಪು ತಿಂದ ಹಳೆಯ ನೈಲಾನೇ ಎಂದು ಅವರೂ ಹೇಳಿದರು. ಸರ್ ಅಂದು ಹೆಂಗಸರ ನಡುವೆ ನೆಲದ ಮೇಲೆ ಕೂತು, ಒಂದು ಗಂಟಾದರೂ ನಾನು ಬಿಡಿಸಿಯೇ ಏಳುತ್ತೇನೆ ಎಂದು ಬಲೆಯ ಸಿಕ್ಕು ಬಿಡಿಸುತ್ತಿದ್ದರು. ಸಿಕ್ಕಿನೊಳಗಿಂದ ಒಣಗಿದ ಏಡಿಯೊಂದು ಅವರ ಬಿಳಿ ಅಂಗಿಯ ಮೇಲೆ ಉದುರಿತು. ಕರವಸ್ತ್ರ ಎಲ್ಲಿತ್ತೋ, ಅವರಿಗೆ ಜ್ಞಾಪಕವೇ ಇರಲಿಲ್ಲ.

ವರದಿ ಸಮಿತಿಗೆ ಹೋಯಿತು. ಆಮೇಲೆ ಕಾಯುವುದಷ್ಟೇ. ಈ ಹೊತ್ತಿನಲ್ಲಿ ಪರೀಕ್ಷಕರು ಮುಖದಲ್ಲೂ ಏನೂ ತೋರಿಸಬಾರದು. ಒಂದು ದಿನ ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಅವರ್ಸಾದಲ್ಲಿ ಸುಗಂಧಾ ಹತ್ತಿ ನನ್ನ ಪಕ್ಕದಲ್ಲೇ ಕೂತಳು.

"ಅಕ್ಕೋರೆ, ಹೌದೋ ಅಲ್ವೋ, ಅಷ್ಟೇ ಹೇಳಿ."

"ನನಗೇ ಗೊತ್ತಿಲ್ಲ. ಸಮಿತಿ ಹೇಳಬೇಕು."

"ಬಾಯಿ ಬಿಟ್ಟು ಹೇಳೂದ್ ಬ್ಯಾಡ. ತಲೆ ಅಲ್ಲಾಡ್ಸಿ ಸಾಕು."

ನಾನು ಕತ್ತು ಬಿಗಿಹಿಡಿದು ಎದುರಿನ ಸೀಟು ನೋಡುತ್ತ ಕೂತೆ. ಅಮದಳ್ಳಿಯ ಹತ್ತಿರ ಬಸ್ಸು ಒಂದು ಹಂಪು ಹಾರಿತು. ನನ್ನ ತಲೆ ಮೇಲೆ ಕೆಳಗೆ ಆಡಿತು. "ಹೌದು ಅಂದ್ರು! ಅಕ್ಕೋರು ಹೌದು ಅಂದ್ರು!" ಎಂದು ಅವಳು ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು. "ಅಲ್ಲ ಮಾರಾಯ್ತಿ, ಅದು ಹಂಪು!" ಎಂದು ನಾನು ಕೂಗಿದೆ. ಕಂಡಕ್ಟರು ನಮ್ಮಿಬ್ಬರಿಗೂ ಇಳಿಯಬೇಕೇ ಎಂದು ಕೇಳಿದ.

ಸಮಿತಿಯೂ ಹೌದು ಎಂದಿತು. ಅಂಟಿಸುವ ಮುದ್ರೆ ಚೀಟಿಗಳ ಮೊದಲ ಸುರುಳಿ ಬಂದ ದಿನ ಸುಗಂಧಾ ಫೋನ್ ಮಾಡಿದಳು, ಆದರೆ ಒಂದು ಮಾತೂ ಕೇಳಿಸಲಿಲ್ಲ. ಹಿಂದೆ ಹೆಂಗಸರೆಲ್ಲ ಹಾಡುತ್ತಿದ್ದರು.

ಈಗ ಕೆಲಸದ ರೀತಿ ಬಹಳ ಬದಲಾಗಿದೆ. ಕೇಣಿಯಲ್ಲಿ ಮರ್ಯಾದೆಗೆಂದು ಶುರುವಾದ ಫೋಟೋ ಈಗ ಎಲ್ಲ ಕಡೆ ಪದ್ಧತಿಯಾಗಿದೆ. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲೇ ಜಾಗ, ಸಮಯ ಮೂಡುತ್ತವೆ. ಹೊರಡುವ ಮೊದಲೇ ಪರದೆಯ ಮೇಲೆ ಅರ್ಧ ಪರಿಶೀಲನೆ ಮುಗಿದಿರುತ್ತದೆ. ಒಳ್ಳೆಯದೇ. ಆದರೂ ಹೋಗಿ ನೋಡುವುದನ್ನು ಬಿಡಬೇಡಿ. ತೂಕ ಪರದೆಯಲ್ಲಿ ಕಾಣುತ್ತದೆ. ಬಲೆಯನ್ನು ಕಣ್ಣಿಗೊತ್ತಿಕೊಂಡು ಎಸೆಯುವ ಕೈ ಕಾಣಬೇಕಾದರೆ ಚಹಾದಂಗಡಿಯಲ್ಲಿ ಕೂರಬೇಕು.

ನಿವೃತ್ತಿಗೆ ಮುಂಚಿನ ನನ್ನ ಕೊನೆಯ ವಾರ್ಷಿಕ ಪರಿಶೀಲನೆಯೂ ಕೇಣಿಯಲ್ಲೇ ಬಂತು. ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲಿಸುವ ದಿನಗಳು ಅದೇ ಆಗ ಮುಗಿದಿದ್ದವು. ಒಳಗೆ ಹೋದರೆ ಗೋಡೆ ಬದಿಗೆ ಚಾಪೆಯ ಒಂದು ರಾಶಿ ಬೇರೆಯಾಗಿತ್ತು. ಒಂದರ ಮೇಲೂ ಮುದ್ರೆ ಇರಲಿಲ್ಲ.

"ಇದಕ್ಕೆ ಯಾಕೆ ಹಚ್ಚಿಲ್ಲ?" ಎಂದೆ.

"ದೋಣಿ ಎಲ್ಲ ದಂಡೆ ಮೇಲೆ ಇದ್ವಲ್ಲ ಅಕ್ಕೋರೆ, ಬಲೆ ಹರಿಯೂದು ಎಲ್ಲಿಂದ? ಗೋವೆಯವ್ರಿಗೆ ಅರ್ಜೆಂಟು. ಅಂಚಿಗೆ ಹೊಸ ಹಗ್ಗ ಹಾಕ್ಬೇಕಾಯ್ತು. ಹಾಂಗಾಗಿ ಮುದ್ರೆ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿದ್ವು. ಒಂದು ಗಾಡಿ ಹಾಂಗೇ ಕಳಿಸಿ ಆಯ್ತು, ಇದು ಉಳಿದದ್ದು."

"ಯಾರಾದರೂ ಬಂದು ನೋಡಿದರೇ? ಯಾರಾದರೂ ಹೇಳಿದರೇ?"

"ಯಾರೂ ಇಲ್ಲ. ನಾನೇ ಗೋವೆಗೆ ಫೋನ್ ಮಾಡಿ ಹೇಳ್ದೆ, ಈ ಸಲದ್ದಕ್ಕೆ ಮುದ್ರೆ ಇಲ್ಲ ಅಂತ."

ಅಷ್ಟು ದೊಡ್ಡ ಗಿರಾಕಿ. "ಅವರು ಏನೆಂದರು?"

"ಮೊದ್ಲು ಬೈದ್ರು. ಆಮೇಲೆ ಅಂದ್ರು, ಹಾಂಗಾರೆ ಇಲ್ಲಿವರೆಗೆ ಮುದ್ರೆ ಹಚ್ಚಿ ಕಳಿಸಿದ್ದೆಲ್ಲ ಖರೇ ಅಂತಾಯ್ತಲ್ಲ ಬಾಯಿ, ಅಂತ." ಸುಗಂಧಾ ನಕ್ಕಳು. "ಮುಂದಿನ ವರ್ಷದ್ದೂ ನಮ್ಗೇ ಹೇಳಿದಾರೆ."

ನಾನು ಆ ಬರಿ ಚಾಪೆಯ ಮೇಲೆ ಕೈಯಾಡಿಸುತ್ತ ನಿಂತೆ. ಇಷ್ಟು ವರ್ಷ ನಾನು ಹಚ್ಚಿಸಿದ ಮುದ್ರೆಗಳಿಗಿಂತ ಅವಳು ಹಚ್ಚದೆ ಬಿಟ್ಟ ಆ ಒಂದು ರಾಶಿಯೇ ನನಗೆ ಹೆಚ್ಚು ಹೆಮ್ಮೆ ತಂದಿತು. ಅಷ್ಟರಲ್ಲಿ ಹೊರಗೆ ಗಣಪತಿಯ ಕೂಗು ಕೇಳಿತು. ಋತುವಿನ ಮೊದಲ ದೋಣಿ ನೀರಿಗೆ ಇಳಿಯುತ್ತಿತ್ತು, ನೂಕಲು ಕೈ ಸಾಲದಾಗಿತ್ತು. ಹೆಂಗಸರು ಕತ್ತರಿ, ನೂಲು ಬಿಟ್ಟು ಓಡಿದರು. ನಾನೂ ಚಪ್ಪಲಿ ಕಳಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಸುಗಂಧಾ ತನ್ನ ಪಕ್ಕ ಸರಿದು ಜಾಗ ಕೊಟ್ಟಳು. ಎಲ್ಲರೂ ಒಟ್ಟಿಗೆ ಕೂಗಿ ನೂಕಿದೆವು. ದೋಣಿ ಮರಳು ಬಿಟ್ಟು ನೀರಿಗೆ ಹಾರಿತು, ನಾವೆಲ್ಲ ಒಬ್ಬರ ಮೇಲೊಬ್ಬರು ತೆರೆಯೊಳಗೆ ಬಿದ್ದೆವು.